ಗೂಡಿನ ದೀಪ ಆರಲಿಲ್ಲ

ಭದ್ರಾವತಿಯ ಹಳೇನಗರದ ಭೂತಪ್ಪ ಶಾಲೆಯ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಅಲ್ಲಿನ ಬಾವಿಯ ಹೂಳೆತ್ತಲು. ಆದರೆ ಬಂಡೆ ಓದುವುದು ಅವನ ಬೆರಳುಗಳಿಗೆ ಗೊತ್ತಿತ್ತು. ಬಾವಿ ತೋಡುವಾಗ ಓರೆಯಾಗಿ ಇಳಿಯುವ ಸೀಳು ಕಂಡರೆ ಮೊದಲು ಬೆರಳು ತೂರಿಸುತ್ತಿದ್ದ. ಬೆಣ್ಣೆಯಂಥ ಜೇಡಿ ಸಿಕ್ಕರೆ, "ಬಾಯಿ ಮುಚ್ಕೊಂಡಿದೆ, ಕೆಣಕಬೇಡಿ" ಎನ್ನುತ್ತಿದ್ದ. ಪುಡಿಗಲ್ಲು ಸಿಕ್ಕರೆ ಬೆವರುತ್ತಿದ್ದ. ಅಂಥ ಸೀಳು ಉಸಿರುಕಟ್ಟುವ ಗಾಳಿ ಬಿಡುತ್ತದೆಂದು ಅಪ್ಪ ಕಲಿಸಿದ್ದ.

ಅಪ್ಪ ಇನ್ನೊಂದನ್ನೂ ಕಲಿಸಿದ್ದ. ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಬಾವಿಯ ತಳ ಮುಟ್ಟಿಸಬೇಕು. ಆರಿದರೆ ಯಾರೂ ಇಳಿಯಕೂಡದು. ಭೂತಪ್ಪನ ಕಾಲಕ್ಕೆ ಅದು ಇಳಿದ ಮೇಲೆ ತಳದಲ್ಲಿ ಹಚ್ಚಿಡುವ ಗಂಗಮ್ಮನ ಪೂಜೆಯ ದೀಪವಾಯಿತು. ಅಲ್ಲಿ ನೀರು ಸಿಡಿದು ಆರುತ್ತಿತ್ತು. ಪೂಜೆಯ ದೀಪ ಆರಿತೆಂದು ಆಳುಗಳು ಮನೆಗೆ ಹೊರಡುತ್ತಿದ್ದರು, ಯಜಮಾನರು ಗೊಣಗುತ್ತಿದ್ದರು. ಕೊನೆಗೆ ಭೂತಪ್ಪನೇ ಒಂದು ದಾರಿ ಹುಡುಕಿದ: ತಳದಲ್ಲಿ ನಿಂತವನ ಎದೆಮಟ್ಟಕ್ಕೆ ಗೋಡೆಯಲ್ಲಿ ಗೂಡು ಕೊರೆದು ದೀಪ ಅಲ್ಲಿಟ್ಟ. ಆಮೇಲೆ ದೀಪ ಆರಲಿಲ್ಲ. ಕೆಲಸವೂ ನಿಲ್ಲಲಿಲ್ಲ. ಊರಿನ ಬಾವಿ ಕೆಲಸದವರೆಲ್ಲ ಅದನ್ನೇ ಕಲಿತರು.

೧೯೯೮ರ ಬೇಸಿಗೆ. ಶಿವಮೊಗ್ಗದ ಸೈಟು ವ್ಯಾಪಾರಿ ವೀರೇಂದ್ರ ಭದ್ರಾವತಿ ರಸ್ತೆಯಲ್ಲಿ ಹೊಸ ಬಡಾವಣೆ ಮಾಡಿದ್ದ. ಅಲ್ಲಿನ ಹಳೇ ಬಾವಿಯನ್ನು ಹತ್ತಡಿ ಇಳಿಸಬೇಕಿತ್ತು. ಭೂತಪ್ಪ ಇಳಿದು, ಸೀಳಿಗೆ ಬೆರಳು ತೂರಿಸಿ, ಮೇಲೆ ಬಂದ.

"ಸಾಮಿ, ಸೀಳಿನ ತುಂಬ ಜೇಡಿ ಇದೆ. ಮದ್ದಿಟ್ಟು ಸಿಡಿಸಿದ್ರೆ ಬಾಯಿ ಬಿಟ್ಕೊಳ್ತದೆ. ಆಚೆ ಕಡೆ ಬೇರೆ ಬಾವಿ ತೋಡಾಣ."

"ಆಚೆ ಕಡೆದು ಸೈಟು ಕಣೋ. ಮಾರಾಗಿದೆ. ಅವರ ಮನೇನ ನಿನ್ನ ತಲೆ ಮೇಲೆ ಕಟ್ಟಿಸ್ಲಾ?"

ಬಡಾವಣೆಯ ನಕ್ಷೆಯಲ್ಲಿ ಗುಡಿಗೆ ಜಾಗವಿತ್ತು, ಪಾರ್ಕಿಗೆ ಜಾಗವಿತ್ತು. ಕಾಲಡಿಯ ಬಂಡೆ ಎಲ್ಲಿ ಸೀಳಿದೆ ಎಂದು ತೋರಿಸಲು ಒಂದು ಗೆರೆಯೂ ಇರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಬಂಡೆ ಸಿಡಿಸಿದರು. ಹೊಗೆ ಹೋಗಲೆಂದು ಎರಡು ದಿನ ಬಿಟ್ಟರು. ಮೂರನೆಯ ದಿನ ಬೆಳಿಗ್ಗೆ ಭೂತಪ್ಪನ ಹೆಂಡತಿ ದುರ್ಗಮ್ಮನ ತಮ್ಮ ಮೂರ್ತಪ್ಪ ಇಳಿಯಲು ನಿಂತ.

"ಭಾವ, ಗೂಡಲ್ಲಿ ದೀಪ ಇರುತ್ತಲ್ಲ, ಬೀಡಿನೂ ಅದರಲ್ಲೇ ಹಚ್ಕೊಳ್ತೀನಿ."

"ಗಂಗಮ್ಮನ ದೀಪದಲ್ಲಿ ಬೀಡಿ ಹಚ್ಚಿದ್ರೆ ನಿಮ್ಮಕ್ಕನಿಗೆ ಹೇಳ್ತೀನಿ ನೋಡು."

"ಅಯ್ಯೋ ಬೇಡಪ್ಪ, ಗಂಗಮ್ಮನಾದ್ರೂ ಕ್ಷಮಿಸ್ತಾಳೆ!"

ಇಳಿದವನು ನಿಂತೇ ದೀಪ ಹಚ್ಚಿ ಕೂಗಿದ: "ಚೆನ್ನಾಗಿ ಉರೀತಾ ಇದೆ ಭಾವ!"

"ಹಂಗಾದ್ರೆ ಕಲ್ಲು ತುಂಬು," ಎಂದ ಭೂತಪ್ಪ.

ಮೂರ್ತಪ್ಪ ಕಲ್ಲೆತ್ತಲು ಬಗ್ಗಿದ, ಎದ್ದ, ತಲೆ ಕೊಡವಿದ. ಮತ್ತೆ ಬಗ್ಗಿದವನು ಏಳಲಿಲ್ಲ.

ಭೂತಪ್ಪ ಹಗ್ಗ ಹಿಡಿದು ಕಾಲು ಇಳಿಬಿಟ್ಟ. ಜೊತೆಗಾರ ಶಿವಯೋಗಪ್ಪ ಹಿಂದಿನಿಂದ ಅವನ ಸೊಂಟ ತಬ್ಬಿದ.

"ಬಿಡೋ! ನನ್ನ ಹೆಂಡ್ತಿ ತಮ್ಮ ಕಣೋ ಅವನು!"

"ಅದಕ್ಕೇ ಬಿಡಲ್ಲ. ಅಕ್ಕನಿಗೆ ಒಂದು ಹೆಣ ಸಾಲ್ದಾ?"

ಬೆಂಕಿ ನಂದಿಸುವವರ ಗಾಡಿ ಬರಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಭೂತಪ್ಪ ಅಂಚಿನಲ್ಲಿ ಬೋರಲು ಮಲಗಿ ನೋಡುತ್ತಿದ್ದ. ಕೆಳಗೆ ಮೂರ್ತಪ್ಪನ ಬೆನ್ನು. ಅದರ ಮೇಲೆ ಗೂಡಿನಲ್ಲಿ ದೀಪ ಅಲುಗಾಡದೆ ಉರಿಯುತ್ತಿತ್ತು.

ಬಡಾವಣೆಯ ಕಡೆಯವರು ಪೊಲೀಸರ ಹತ್ತಿರ ಕುಡಿದು ಬಿದ್ದ ಎಂದು ಬರೆಸಿದರು. ಹೆಂಡದ ವಾಸನೆಗೇ ವಾಕರಿಸುತ್ತಿದ್ದ ಮನುಷ್ಯ! ಸತ್ತವನು ಎದ್ದು ಬಂದು ಬಾಯಿ ಮೂಸಿಸಲಾರನಲ್ಲ, ಅದೊಂದು ಅನುಕೂಲ. ದುರ್ಗಮ್ಮ ಮಾತ್ರ ಗಂಡನಿಗೆ ಒಂದೇ ಮಾತು ಕೇಳಿದಳು: "ದೀಪ ನೋಡೇ ಕಲ್ಲೆತ್ತಿಸಿದ್ದಾ?"

"ನೋಡೇ ಎತ್ತಿಸಿದ್ದು," ಎಂದ.

ಸುದ್ದಿ ಓದಿ ಶಂಕರಘಟ್ಟದ ವಿಶ್ವವಿದ್ಯಾಲಯದಿಂದ ಮೈತ್ರಿ ಎಂಬ ಭೂವಿಜ್ಞಾನದ ಮೇಡಂ ಬಂದರು. ಹಗ್ಗಕ್ಕೆ ದೀಪ ಕಟ್ಟಿ ಇಳಿಸಿದರು. ಗೂಡಿನ ಮಟ್ಟದಲ್ಲಿ ಉರಿಯಿತು. ಒಂದು ಮೊಳ ಕೆಳಗಿಳಿದದ್ದೇ, ಯಾರೋ ಚಿವುಟಿದ ಹಾಗೆ ಆರಿತು.

"ಭೂಮಿ ಸರಿದಾಡಿದಾಗ ಬಂಡೆ ಬಂಡೆಗೆ ಉಜ್ಜಿ ಈ ಸೀಳಾಗಿದೆ, ಭೂತಪ್ಪನವರೇ. ಉಜ್ಜಿ ನುಣ್ಣಗಾದ ಜೇಡಿ ತುಂಬಿದ ಕಡೆ ಅದು ಬೀಗ, ಗಾಳಿ ಒಳಗೇ ನಿಲ್ಲುತ್ತೆ. ಬರೀ ಪುಡಿಗಲ್ಲಾಗಿರೋ ಕಡೆ ಸೋರುತ್ತೆ. ಸಿಡಿಸಿ ಬೀಗ ಒಡೆದ್ರು. ಈ ಗಾಳಿ ಭಾರ, ತಳದಲ್ಲೇ ಕೂರುತ್ತೆ."

"ಗೂಡನ್ನ ಕಾಲ ಹತ್ರ ಕೊರೆದಿದ್ರೆ, ಮೇಡಂ?"

ಮೈತ್ರಿ ಹಗ್ಗ ಸುತ್ತಿ, ಆರಿದ ದೀಪವನ್ನು ಅವನ ಕೈಗಿಟ್ಟರು. ಉತ್ತರ ಅವನಿಗೆ ಗೊತ್ತಿತ್ತು.

ಬಾವಿ ಮುಚ್ಚಿಸಿ ಎಂದು ಅವರು ಬರೆದ ಪತ್ರಕ್ಕೆ ಕಚೇರಿಯಲ್ಲಿ ಮುದ್ರೆ ಬಿತ್ತು. ಮುದ್ರೆ ಒತ್ತುವುದರಲ್ಲಿ ನಮ್ಮ ಕಚೇರಿಗಳು ಎಂದೂ ಹಿಂದೆ ಬಿದ್ದಿಲ್ಲ. ಹದಿನೈದು ದಿನಕ್ಕೆ ವೀರೇಂದ್ರ ಉಳಿದ ಕಲ್ಲೆತ್ತಲು ಬೇರೆ ತಂಡ ಕರೆಸಿದ. ಭೂತಪ್ಪ ಓಡಿ ಬರುವಷ್ಟರಲ್ಲಿ ಒಬ್ಬ ಇಳಿದು ದೀಪ ಹಚ್ಚಿಯಾಗಿತ್ತು.

"ಮೇಲೆ ಬಾರೋ! ಅಲ್ಲಿ ಗಾಳಿ ಕೆಟ್ಟಿದೆ!"

"ದೀಪ ಉರೀತಾ ಇದೆಯಲ್ಲ ಯಜಮಾನ," ಎಂದು ಕೆಳಗಿನವನು ನಕ್ಕ. "ಗೂಡಿನ ದೀಪ ನೀನೇ ತಾನೇ ಊರಿಗೆಲ್ಲ ಕಲಿಸಿದ್ದು?"

ಭೂತಪ್ಪ ತಾನು ತಂದ ದೀಪವನ್ನು ಹಗ್ಗದಲ್ಲಿ ತಳದವರೆಗೆ ಇಳಿಸಿದ. ಆರಿತು.

"ನೀನು ಜೋತಾಡಿಸಿದ್ರೆ ಆರದೆ ಏನಾಗುತ್ತೆ?" ಎಂದ ವೀರೇಂದ್ರ. "ಅಪಶಕುನ ಮಾಡಕ್ಕೇ ಬಂದ್ಯಾ? ಎಳ್ಕೊಂಡು ಹೋಗ್ರೋ ಇವನ್ನ."

ಇಬ್ಬರು ರಟ್ಟೆ ಹಿಡಿದು ಎಳೆದರು. ಬುಟ್ಟಿ ಕೆಳಗಿಳಿಯುತ್ತಿತ್ತು.

"ಬಗ್ಗಬೇಡ ಮಾರಾಯ!" ಭೂತಪ್ಪ ಕೂಗುತ್ತಲೇ ಇದ್ದ. "ನಿಂತೇ ಇರು, ಬಗ್ಗಬೇಡ!"

"ಬಗ್ಗದೆ ಕಲ್ಲು ಹೆಂಗೆ ಎತ್ತಲಿ?" ಎಂದು ಬಾವಿಯೊಳಗಿಂದ ನಗು ಕೇಳಿಸಿತು.