ಬಲಗಡೆಯ ಹೂವು ಕೊಡಿಸಿದ ಟ್ರ್ಯಾಕ್ಟರು

ನವರಾತ್ರಿಯ ಸರಸ್ವತೀಪೂಜೆಗೆಂದು ಈ ವರ್ಷವೂ ಕಪಾಟಿನಿಂದ ಪುಸ್ತಕಗಳನ್ನು ಇಳಿಸುತ್ತಿದ್ದೆ. ವ್ಯಾಕರಣ, ಅಲಂಕಾರ, ನಿಘಂಟು, ಸ್ತೋತ್ರಸಂಗ್ರಹ ಎಲ್ಲವೂ ಇಳಿದ ಮೇಲೆ, ಕೆಳಸಾಲಿನ ಮೂಲೆಯಲ್ಲಿ ಕೆಂಪು ಬಟ್ಟೆ ಸುತ್ತಿದ ದಪ್ಪನೆಯ ಗ್ರಂಥವೊಂದು ಕೈಗೆ ಸಿಕ್ಕಿತು. ಬಟ್ಟೆ ಬಿಚ್ಚುವ ಮೊದಲೇ ಅದರ ವಾಸನೆ ಬಂದಿತು. ಪುಸ್ತಕವೆಂದ ಮೇಲೆ ಕರ್ಪೂರದ್ದೋ ನುಸಿಗುಳಿಗೆಯದೋ ವಾಸನೆ ಇರುವುದು ಲೋಕರೂಢಿ. ಇದರದು ಡೀಸೆಲ್ಲಿನ ವಾಸನೆ. ಇಷ್ಟು ವರ್ಷ ಸರಸ್ವತಿಯ ಮುಂದೆ ಕುಳಿತು ಅರಿಶಿನ ಕುಂಕುಮ ಹಚ್ಚಿಸಿಕೊಂಡರೂ ಅದು ತನ್ನ ಸ್ವಭಾವವನ್ನು ಬಿಟ್ಟಿಲ್ಲ.

ಅದೊಂದು ಟ್ರ್ಯಾಕ್ಟರಿನ ಕೈಪಿಡಿ. ಅದರ ಲಿಪಿಯನ್ನು ನಾನು ಅಂದೂ ಓದಲಾರದವನು, ಇಂದೂ ಓದಲಾರದವನು. ಓದಲಾಗದ ಪುಸ್ತಕವನ್ನು ಪೂಜಿಸುವುದೇಕೆಂದು ನೀವು ಕೇಳಬಹುದು. ಕೇಳಿ, ಆದರೆ ಉತ್ತರ ಸ್ವಲ್ಪ ಉದ್ದವಾದರೆ ಬೇಸರಿಸಬೇಡಿ. ಪಾಠ ಹೇಳಿ ಬದುಕಿದವರಿಗೆ ಗಿಡ್ಡ ಉತ್ತರ ಬರುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ತುಮಕೂರಿನ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದೆ. ನಿಟ್ಟೂರಿನ ಬಳಿಯ ನಮ್ಮ ಹೊಲವನ್ನು ಅಣ್ಣ ನೋಡಿಕೊಳ್ಳುತ್ತಿದ್ದ. ಟ್ರ್ಯಾಕ್ಟರಿನ ಸುದ್ದಿ ಬರುವ ಹಿಂದಿನ ವರ್ಷ ಅವನು ಬಾವಿಯ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಸೊಂಟಕ್ಕೆ ಏಟು ಮಾಡಿಕೊಂಡಿದ್ದ. ನಡೆಯಬಲ್ಲ, ಕೂರಬಲ್ಲ, ಆದರೆ ನೇಗಿಲ ಹಿಂದೆ ದಿನವಿಡೀ ಹೆಜ್ಜೆ ಹಾಕಲಾರ. ಹೊಲವನ್ನು ಆಳುಗಳ ಕೈಗೆ ಬಿಟ್ಟು ಜಗಲಿಯ ಮೇಲೆ ಕೂರುವುದೆಂದರೆ ಅಣ್ಣನಿಗೆ ಬದುಕಿದ್ದೂ ಇಲ್ಲವಾದಂತೆ. ಅಂಥ ಹೊತ್ತಿನಲ್ಲಿ ಕುಣಿಗಲ್ಲಿನಲ್ಲಿ ಹೊರದೇಶದ ಹಳೆಯ ಟ್ರ್ಯಾಕ್ಟರೊಂದು ಅಗ್ಗಕ್ಕೆ ಮಾರಾಟಕ್ಕಿದೆಯೆಂಬ ಸುದ್ದಿ ಬಂದಿತು. ಎತ್ತಿನ ಜೋಡಿಯನ್ನು ಮಾರಿದರೆ ಮಾತ್ರ ಅದು ಮನೆಗೆ ಬರುವಂತಿತ್ತು. ಬಂದ ಮೇಲೆ ಕೆಟ್ಟು ನಿಂತರೆ ಹಿಂದಿರುಗಿ ಹೋಗಲು ಎತ್ತುಗಳಿರುವುದಿಲ್ಲ. ಧರ್ಮಸಂಕಟವೆಂದರೆ ಇದೇ.

ಅಣ್ಣ ನನ್ನನ್ನು ಕರೆದುಕೊಂಡು ಹೋದ. ಏಕೆಂದರೆ ನಾನು ಓದಿದವನು. ನಮ್ಮ ಕಡೆ ಓದಿದವನೆಂದರೆ ಜ್ವರದ ಔಷಧಿಯಿಂದ ಕೋರ್ಟಿನ ಕಾಗದದವರೆಗೆ ಎಲ್ಲವನ್ನೂ ಬಲ್ಲವನೆಂದು ನಂಬಿಕೆ. ಆ ನಂಬಿಕೆಯನ್ನು ಕೆಡಿಸದಿರುವಷ್ಟು ಜಾಣತನ ನನ್ನಲ್ಲಿತ್ತು.

ಮಾರುವ ಗೌಡರು ಟ್ರ್ಯಾಕ್ಟರನ್ನು ಕುಣಿಗಲ್ ಕೆರೆಯ ಏರಿಯ ಮೇಲೆ, ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದ್ದರು.

"ಇಲ್ಲ್ಯಾಕೆ ನಿಲ್ಸಿದೀರಿ ಗೌಡ್ರೇ?" ಎಂದು ಕೇಳಿದೆ.

"ತಂಪಾಗಿರ್ಲಿ ಅಂತ ಸ್ವಾಮಿ. ಫಾರಿನ್ ಮಾಲು, ನಮ್ಮ ಬಿಸ್ಲು ತಡೀಬೇಕಲ್ಲ."

ಇಳಿಜಾರಿನಲ್ಲಿ ಉರುಳಿಸದೆ ಅದು ಶುರುವಾಗುವುದಿಲ್ಲವೆಂಬ ಸತ್ಯ ನಮಗೆ ತಿಳಿದದ್ದು ಆಮೇಲೆ. ಅಂದು ಉರುಳಿತು, ಗುಡುಗಿತು, ಕೆರೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವು. ಅಣ್ಣ ಸೀಟಿನ ಮೇಲೆ ಕುಳಿತು ಚಕ್ರ ಹಿಡಿದ. ಗೌಡರು ಕೈಪಿಡಿಯನ್ನು ತಂದು ನನ್ನ ಕೈಗಿಟ್ಟರು.

"ಏನ್ಲಾ, ಅಷ್ಟೊಂದ್ ಓದಿದೀಯ, ಏನ್ ಬರ್ದವ್ರೆ ಅದ್ರಲ್ಲಿ?" ಎಂದು ಅಣ್ಣ ಮೇಲಿನಿಂದ ಕೂಗಿದ.

ನಾನು ಪುಟ ತಿರುವಿದೆ. ಒಂದಕ್ಷರವೂ ಪರಿಚಯದ್ದಲ್ಲ. "ವಿಷಯ ಗಂಭೀರವಾಗಿದೆ" ಎಂದೆ. ಅದು ಸುಳ್ಳಲ್ಲವೆಂದು ಇಂದಿಗೂ ವಾದಿಸಬಲ್ಲೆ.

ಮರುವಾರ ಗುಬ್ಬಿಯ ಮೆಕ್ಯಾನಿಕ್ ಖಾದರ್ ಸಾಬರನ್ನು ಕರೆದುಕೊಂಡು ಹೋಗಿ ತೋರಿಸಿದೆವು. ಅವರು ಇಂಜಿನ್ನಿನ ಸದ್ದನ್ನು ವೈದ್ಯರು ನಾಡಿ ಹಿಡಿದಂತೆ ಕಣ್ಣು ಮುಚ್ಚಿ ಕೇಳಿದರು. ಬಳಿಕ ನನ್ನನ್ನು ಪಕ್ಕಕ್ಕೆ ಕರೆದು, "ಇಂಜಿನ್ ಚೆನ್ನಾಗಿದೆ ಸ್ವಾಮಿ. ಆದ್ರೆ ಒಂದ್ ರಬ್ಬರ್ ಸೀಲ್ ಹೋದ್ರೂ ಬೆಂಗಳೂರಲ್ಲೂ ಸಿಗಲ್ಲ. ದೊಡ್ಡವ್ರಿಗೆ ಬೇಡ ಅಂತ ಹೇಳ್ಬುಡಿ. ನೀವ್ ಹೇಳಿದ್ರೆ ಕೇಳ್ತಾರೆ" ಎಂದರು.

ಅತ್ತಿಗೆಯ ಆಕ್ಷೇಪ ಬೇರೆ ಬಗೆಯದು. "ಎತ್ತು ಹುಲ್ಲು ತಿಂದು ಸಗಣಿ ಹಾಕ್ತವೆ. ಇದು ಎಣ್ಣೆ ಕುಡ್ದು ಹೊಗೆ ಬುಡ್ತದೆ. ಹೊಗೇನ ಹೊಲಕ್ಕೆ ಹಾಕ್ತಾರಾ? ನೀವಾದ್ರೂ ಹೇಳಿ."

ಎಲ್ಲರೂ ನಾನು ಹೇಳಬೇಕೆಂದೇ ಹೇಳಿದರು. ಹೇಳಲು ಹೋದಾಗಲೆಲ್ಲ ಅಣ್ಣ ಸೊಂಟ ಹಿಡಿದುಕೊಂಡು ಏಳುವುದು ಕಾಣುತ್ತಿತ್ತು, ನನ್ನ ಬಾಯಿ ಕಟ್ಟುತ್ತಿತ್ತು. ಒಂದು ವಾರ ಪಂಚಾಂಗ ಸರಿಯಿಲ್ಲವೆಂದೆ. ಮುಂದಿನ ವಾರ ಶಾಲೆಯ ಪರೀಕ್ಷೆಯೆಂದೆ. ಕೊನೆಗೆ ದೇವರನ್ನು ಮುಂದು ಮಾಡಿ ಅವನ ಹಿಂದೆ ಅವಿತುಕೊಂಡೆ: "ಮನೆದೇವರ ಪ್ರಸಾದ ಕೇಳೋಣ."

ನಮ್ಮ ರಂಗನಾಥನ ಗುಡಿಯಲ್ಲಿ ಪ್ರಸಾದ ಕೇಳುವ ಕ್ರಮ ಹೀಗೆ. ಅರ್ಚಕರು ಮೂರ್ತಿಯ ಎರಡು ಭುಜಗಳಿಗೂ ನೀರಿನಲ್ಲಿ ಅದ್ದಿದ ಹೂವನ್ನು ಅಂಟಿಸುತ್ತಾರೆ. ಕೇಳುವವನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡವೆಂದರ್ಥ.

"ನೀನೇ ಕೇಳ್ಕೋ" ಎಂದ ಅಣ್ಣ. "ನಿನಗೆ ಸಂಸ್ಕೃತ ಬರ್ತದೆ. ದೇವ್ರಿಗೂ ಬೇಗ ತಿಳೀತದೆ."

ಗರ್ಭಗುಡಿಯ ಮುಂದೆ ನಿಂತು ಕಣ್ಣು ಮುಚ್ಚಿದೆ. ನ್ಯಾಯವಾಗಿ ಕೇಳಬೇಕಾದದ್ದು "ಕೊಳ್ಳಬಹುದೇ" ಎಂದು. ಆದರೆ ಬೇಡವೆಂದು ನನ್ನ ಮನಸ್ಸು ಆಗಲೇ ತೀರ್ಮಾನಿಸಿಬಿಟ್ಟಿತ್ತು. ಅದಕ್ಕೆ ಬೇಕಿದ್ದದ್ದು ರಂಗನಾಥನ ರುಜು ಮಾತ್ರ. ಆದುದರಿಂದ ಶುದ್ಧವಾದ ವಾಕ್ಯ ಕಟ್ಟಿ ಹೀಗೆ ಕೇಳಿಕೊಂಡೆ: ಸ್ವಾಮೀ, ಈ ಯಂತ್ರ ನಮಗೆ ಬೇಡವೆಂಬುದು ನಿನ್ನ ಚಿತ್ತವಾಗಿದ್ದರೆ ಬಲಗಡೆ ಅಪ್ಪಣೆ ಕೊಡು.

ಹೂವು ಬಿದ್ದಿತು. ಬಲಗಡೆಯದೇ.

ನನ್ನ ಮನಸ್ಸು ಹಗುರವಾಗುವಷ್ಟರಲ್ಲಿ ಹಿಂದೆ ತೆಂಗಿನಕಾಯಿ ಒಡೆದ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಅಣ್ಣ ಒದ್ದೆಗಣ್ಣಿನಲ್ಲಿ ಕೈಮುಗಿದು ನಿಂತಿದ್ದ. "ಅಪ್ಪಣೆ ಆಯ್ತು ಕಣೋ" ಎಂದ. ಅತ್ತಿಗೆಯೂ ಸೋತವರಂತೆ ಕೈಮುಗಿದರು. ನಾನು ಮನಸ್ಸಿನಲ್ಲಿ ಏನು ಕೇಳಿದೆನೆಂಬುದು ರಂಗನಾಥನಿಗೂ ನನಗೂ ಮಾತ್ರ ತಿಳಿದದ್ದು. ಬಲಗಡೆಯ ಹೂವನ್ನು ಮಾತ್ರ ಎಲ್ಲರೂ ಕಂಡಿದ್ದರು. ಇಷ್ಟು ಶಾಸ್ತ್ರ ಓದಿದವನಿಗೆ ಬೆನ್ನ ಹಿಂದೆಯೂ ಜನರಿದ್ದಾರೆಂಬುದು ಹೊಳೆದಿರಲಿಲ್ಲ. ಆ ಗಳಿಗೆಯಲ್ಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅರ್ಚಕರು ಕೊಟ್ಟ ತೀರ್ಥ ಕುಡಿದೆ.

ಎತ್ತುಗಳು ಹೋದವು, ಟ್ರ್ಯಾಕ್ಟರು ಬಂದಿತು. ಆಮೇಲಿನ ವರ್ಷಗಳನ್ನು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ. ಅದು ರಾಗಿ ಹೊಲದ ನಡುವೆ ನಿಂತಿತು. ರೈಲ್ವೆ ಗೇಟಿನ ಹತ್ತಿರ ನಿಂತಿತು. ಗುಬ್ಬಿಯ ಸಂತೆಯ ದಿನ, ಕೊಬ್ಬರಿ ಗಾಡಿಗಳ ಸಾಲಿಗೆ ಅಡ್ಡಲಾಗಿ ನಿಂತಿತು. ಅಂದು ಪಂಚೆ ಎತ್ತಿಕಟ್ಟಿ ಅದನ್ನು ತಳ್ಳುತ್ತಿದ್ದ ನನ್ನನ್ನು ಹಳೆಯ ಶಿಷ್ಯನೊಬ್ಬ ಕಂಡು, ಚಪ್ಪಲಿ ಬಿಟ್ಟು ನಮಸ್ಕರಿಸಿ, ತಾನೂ ಹೆಗಲು ಕೊಟ್ಟ. ಒಂದೊಂದು ಸಲ ಕೆಟ್ಟಾಗಲೂ ಖಾದರ್ ಸಾಬರು ಬೈದುಕೊಂಡೇ ಬರುತ್ತಿದ್ದರು. ಕೈಪಿಡಿಯ ಚಿತ್ರ ನೋಡಿ, ಹಳೆಯ ಲಾರಿ ಟ್ಯೂಬು ಕತ್ತರಿಸಿ ಸೀಲು ಮಾಡುತ್ತಿದ್ದರು. "ಅಕ್ಷರ ನೀವು ನೋಡ್ಕೊಳ್ಳಿ ಸ್ವಾಮಿ, ಚಿತ್ರ ನಾನು ನೋಡ್ಕೋತೀನಿ" ಎಂದು ನನ್ನ ಮಾನವನ್ನೂ ಕಾಯುತ್ತಿದ್ದರು.

ಇವೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದಿದ್ದದ್ದು ಅಣ್ಣನ ಒಂದೇ ಮಾತು: "ದೇವ್ರ ಅಪ್ಪಣೆ ಆಗಿರೋ ಗಾಡಿ. ರಿಪೇರಿ ಆಗ್ತದೆ ಬುಡು." ಪ್ರತಿ ಸಲವೂ ಅದನ್ನು ನನ್ನ ಮುಖ ನೋಡಿಯೇ ಹೇಳುತ್ತಿದ್ದ. ದೇವರು ಬೇಡವೆಂದದ್ದನ್ನು ಮುಚ್ಚಿಟ್ಟ ಪಾಪಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಏಕಾದಶಿಗಳಂದು ಒಂದು ಜಪ ಹೆಚ್ಚಾಗಿ ಮಾಡತೊಡಗಿದೆ.

ಆದರೂ ಒಂದನ್ನು ಹೇಳದಿದ್ದರೆ ಅನ್ಯಾಯವಾದೀತು. ಕೆಡದ ದಿನಗಳೂ ಇದ್ದವು. ಮೊದಲ ಮಳೆ ಬಿದ್ದ ಹೊಲದಲ್ಲಿ ಸಾಲು ಮುಗಿಸಿ ಬದುವಿನ ಬಳಿ ತಿರುಗುವಾಗ ಅಣ್ಣ ಸೊಂಟ ಹಿಡಿದುಕೊಳ್ಳುತ್ತಿರಲಿಲ್ಲ. ಎರಡೂ ಕೈ ಚಕ್ರದ ಮೇಲಿರುತ್ತಿದ್ದವು. ಹಾಗೆಯೇ ಹತ್ತು ವರ್ಷ ಉತ್ತ.

ಈಗ ಅಣ್ಣನಿಗೆ ಕಣ್ಣು ಮಂಜು, ಕಿವಿ ಚುರುಕು. ಹಬ್ಬಕ್ಕೆ ನನ್ನ ಮನೆಗೆ ಬಂದು ಕುರ್ಚಿಯಲ್ಲಿ ಕುಳಿತಿದ್ದ. ಕೈಪಿಡಿಯ ವಾಸನೆ ಅವನಿಗೂ ತಲುಪಿತು. ಕೈ ಚಾಚಿ ಇಸಿದುಕೊಂಡು ಅದರ ಬೆನ್ನು ಸವರಿದ. ಇನ್ನೂ ಎಷ್ಟು ನವರಾತ್ರಿ ಕಾಯುವುದೆನ್ನಿಸಿ, ಹೇಳಿಬಿಟ್ಟೆ. ಬಲಗಡೆಯ ಹೂವಿಗೆ ನಾನು ಕೇಳಿದ್ದೇನೆಂಬುದನ್ನು ಒಂದಕ್ಷರ ಬಿಡದೆ ಹೇಳಿದೆ.

ಅಣ್ಣ ಕೈಪಿಡಿಯನ್ನು ಮಡಿಲಲ್ಲಿ ಇಟ್ಟುಕೊಂಡ. ಆಮೇಲೆ, "ಅವತ್ತು ನಾನೂ ನಿನ್ನ ಹಿಂದೆ ನಿಂತು ಕೇಳ್ಕೊಂಡಿದ್ದೆ ಕಣೋ" ಎಂದ.

"ಏನಂತ?"

"ಬಲಗಡೆ ಬಿದ್ರೂ ತಗೋತೀನಿ, ಎಡಗಡೆ ಬಿದ್ರೂ ತಗೋತೀನಿ. ಕೋಪ ಮಾಡ್ಕೋಬೇಡಪ್ಪ ಅಂತ."

ಅಷ್ಟು ವರ್ಷದ ನನ್ನ ಏಕಾದಶಿಯ ಜಪಗಳೆಲ್ಲ ಕಣ್ಣ ಮುಂದೆ ಬಂದು ನಿಂತವು. ಸಿಟ್ಟು ಬಂದಿತು, ನಗು ಬಂದಿತು. ಯಾವುದು ಮೊದಲೆಂದು ಹೇಳಲಾರೆ. ಅಣ್ಣ ಪುಸ್ತಕವನ್ನು ಮರಳಿಸಿ, "ಪೂಜೆಗೆ ಹೊತ್ತಾಯ್ತು, ಇಡು" ಎಂದ.

ನಿಘಂಟಿನ ಪಕ್ಕದಲ್ಲಿ ಇಟ್ಟೆ. ಕುಂಕುಮ ಹಚ್ಚಿದೆ. ಹೂವು ಏರಿಸುವಾಗ ಯಾವ ಕಡೆಗೆಂದು ಒಂದು ಗಳಿಗೆ ಕೈ ತಡೆಯಿತು. ನಡುವೆ ಇಟ್ಟೆ.