ಹೆಸರಿಡದ ತಮ್ಮ

ಗ್ರೀಸಿನ ನಮ್ಮ ಬೆಟ್ಟದೂರಿಗೆ ಜರ್ಮನ್ ಸೈನಿಕರು ಬೆಂಕಿಯಿಟ್ಟಾಗ ಎಫ್ತಾಲಿಯಾ ಅಜ್ಜಿಗೆ ಆರು ವರ್ಷ. ಅಂದು ಅವಳ ತಾಯಿಯನ್ನೂ ಇಪ್ಪತ್ತು ದಿನದ ತಮ್ಮನನ್ನೂ ಗುಂಡಿಟ್ಟು ಕೊಂದರು.

ಯುದ್ಧ ಪರಿಹಾರದ ಮಾತುಕತೆ ಎಂದೋ ನಿಂತುಹೋಗಿದೆ. ಅದು ಮುಗಿದ ಕಥೆ ಎಂದು ಜರ್ಮನಿಯವರು ಹೇಳುತ್ತಾರೆ, ನಮ್ಮ ಸರ್ಕಾರ ಮತ್ತೊಂದು ಪತ್ರ ಬರೆಯುತ್ತದೆ. ಹೋದ ವಸಂತದಲ್ಲಿ ಅಥೆನ್ಸಿನಿಂದ ಒಬ್ಬ ಅಧಿಕಾರಿ ಬಂದ. ಸತ್ತವರ ಪಟ್ಟಿಯನ್ನು ಹೊಸದಾಗಿ ಮಾಡಬೇಕಂತೆ.

"ತಮ್ಮನ ಹೆಸರೇನಜ್ಜಿ?"

"ಚರ್ಚಲ್ಲಿ ಇನ್ನೂ ನಾಮಕರಣ ಆಗಿರ್ಲಿಲ್ಲಪ್ಪಾ."

"ಹೆಸರಿಲ್ದೆ ಪಟ್ಟೀಲಿ ಸೇರಿಸೋಕಾಗಲ್ಲ."

ಅಜ್ಜಿ ಕಾಫಿ ಬಟ್ಟಲನ್ನು ಕುಕ್ಕಿದಳು. "ಗುಂಡು ಹೊಡೆದೋರು ಹೆಸರು ಕೇಳಿ ಹೊಡೆದ್ರೇನಯ್ಯಾ? ಎಂಬತ್ತು ವರ್ಷದಿಂದ ಅವರು ಕೊಡಲ್ಲ ಅಂತಿದ್ದಾರೆ. ಈಗ ನೀನು ಬಂದು ಮಗೂನೇ ಇರ್ಲಿಲ್ಲ ಅಂತೀಯಾ?"

ಅವನು ಮತ್ತೆ ಪಟ್ಟಿ ತೆರೆದ. ನಮ್ಮಲ್ಲಿ ಮೊದಲ ಗಂಡುಮಗುವಿಗೆ ಅಜ್ಜನ ಹೆಸರಿಡುತ್ತಾರೆ. "ಥ್ರಾಸಿವುಲೋಸ್ ಅಂತ ಬರಿ," ಎಂದಳು. ಬರೆದುಕೊಂಡ.

ಮಾತುಕತೆ ಇಂದಿಗೂ ನಿಂತಲ್ಲೇ ನಿಂತಿದೆ. ಆ ಪಟ್ಟಿ ಯಾವ ಕಪಾಟಿನಲ್ಲಿ ಬಿದ್ದಿದೆಯೋ ಯಾರಿಗೂ ಗೊತ್ತಿಲ್ಲ. ಅಜ್ಜಿ ಕಾಯಲಿಲ್ಲ. ಚರ್ಚಿನ ಅಂಗಳದ ಸ್ಮಾರಕದಲ್ಲಿ ತಾಯಿಯ ಹೆಸರಿನ ಕೆಳಗೆ ತಮ್ಮನ ಹೆಸರನ್ನೂ ಕೆತ್ತಿಸಿದಳು. ಕಲ್ಲುಕುಟಿಗ ಕೊನೆಯ ಅಕ್ಷರ ಮುಗಿಸುವವರೆಗೂ ಅವಳು ಬಿಸಿಲಿನಿಂದ ಕದಲಲಿಲ್ಲ.