ನೆರಳಿನ ಹೊಂಡಕ್ಕೆ ಬಿಟ್ಟ ಕಪ್ಪೆಗಳು

ಮೊಟ್ಟೆಯನ್ನೂ ಮುಟ್ಟದ ಮನೆಯ ಹೆಣ್ಣು ನಾನು. ಅಜ್ಜನ ಕಾಲದಿಂದ ಮಠಕ್ಕೆ ನಡೆದುಕೊಳ್ಳುವವರು ನಾವು. ಅಂಥವಳಿಗೆ ತೊಂಬತ್ತರ ದಶಕದ ಮೊದಲಲ್ಲಿ ಸಿಕ್ಕಿದ್ದು ಕಾಲೇಜೊಂದರ ಪ್ರಾಣಿಶಾಸ್ತ್ರ ಲ್ಯಾಬಿನ ಅಟೆಂಡರ್ ಕೆಲಸ. ವಿದ್ಯಾರ್ಥಿಗಳು ಕೊಯ್ಯಲಿಕ್ಕೆ ಕಪ್ಪೆಗಳನ್ನು ಸಿದ್ಧ ಮಾಡಿ, ಮೇಣದ ಟ್ರೇಗಳಲ್ಲಿ ಜೋಡಿಸಿಕೊಡಬೇಕು. ಬೆಟ್ಟದ ಬದಿಯ ವಿದ್ಯಾರಣ್ಯಪುರಂನ ಮನೆಯಲ್ಲಿ ಅಮ್ಮನಿಗೆ ಬಾಟಲಿ ತೊಳೆಯುವ ಕೆಲಸ ಎಂದು ಹೇಳಿದ್ದೆ. ಎರಡೇ ವಾರದಲ್ಲಿ ನನ್ನ ಸೀರೆಯ ವಾಸನೆ ಗುಟ್ಟು ರಟ್ಟು ಮಾಡಿತು. ಅಮ್ಮ ಬಯ್ಯಲಿಲ್ಲ.

“ಮೊಣಕೈವರ್ಗೂ ತೊಳ್ಕೊಂಡು ಆಮೇಲೆ ಪೂಜೆಗೆ ಕೂತ್ಕೊ. ಎರಡ್ ಸಲ ತೊಳ್ಕೊ,” ಎಂದಳು.

ಹಾಗೇ ಮಾಡಿದೆ. ಕೆಲಸದಲ್ಲಿದ್ದಷ್ಟು ವರ್ಷವೂ ದಿನಕ್ಕೆರಡು ಸಲ ಸೋಪು ಹಚ್ಚಿ ಕೈ ತೊಳೆದವಳು ನಾನು. ಆದರೆ ಲ್ಯಾಬಿನ ಹಿಂದೆ ಕಪ್ಪೆಗಳನ್ನು ಕೂಡಿಹಾಕುತ್ತಿದ್ದ ಸಿಮೆಂಟ್ ತೊಟ್ಟಿಯನ್ನು ಒಂದು ದಿನವೂ ಉಜ್ಜಿ ತೊಳೆಯಲಿಲ್ಲ. ನೀರು ಕಡಿಮೆಯಾದರೆ ಮೇಲಿಂದ ಇನ್ನೆರಡು ಕೊಡ ಸುರಿಯುತ್ತಿದ್ದೆ, ಅಷ್ಟೆ.

ಕಪ್ಪೆಗಳನ್ನು ತಂದುಕೊಡುತ್ತಿದ್ದವರು ಅಶೋಕಪುರಂ ಕೇರಿಯವರೊಬ್ಬರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ನಾನು ಅವರನ್ನು ‘ಯಜಮಾನ್ರೇ’ ಎನ್ನುತ್ತಿದ್ದೆ, ಅವರು ನನ್ನನ್ನು ‘ಅಮ್ಮಾವ್ರೇ’ ಎನ್ನುತ್ತಿದ್ದರು. ವರ್ಷವೆಲ್ಲ ಗಾರೆ ಕೆಲಸ, ಪ್ರಾಕ್ಟಿಕಲ್ ದಿನಗಳಲ್ಲಿ ಕಪ್ಪೆ ಹಿಡಿಯುವ ಕೆಲಸ. ಇದು ಅವರಪ್ಪನಿಂದ ಬಂದ ವಿದ್ಯೆ. ಸೈಕಲ್ಲಿನ ಕ್ಯಾರಿಯರ್ ಮೇಲೆ ಒದ್ದೆ ಗೋಣಿಚೀಲಗಳನ್ನು ಕಟ್ಟಿಕೊಂಡು ಬರುವರು. ಒಂದೇ ದೊಡ್ಡ ಚೀಲ ಸಾಕಾಗುವ ಕಡೆ ಮೂರು ಸಣ್ಣ ಚೀಲ. ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಬಾಳೆನಾರು, ಮತ್ತೊಂದಕ್ಕೆ ಬರೀ ಗಂಟು.

“ಇದು ಕೆರೇದು, ಇದು ಗದ್ದೆ ಕಾಲ್ವೇದು, ಇದು ಬಾವೀದು. ಬೇರೆಬೇರೆ ಇಟ್ಕೊಳಿ ಅಮ್ಮಾವ್ರೇ,” ಎನ್ನುವರು.

ನಮ್ಮಲ್ಲಿ ಇದ್ದದ್ದು ಒಂದೇ ತೊಟ್ಟಿ. ಮೂರು ಚೀಲವನ್ನೂ ಅದಕ್ಕೇ ಸುರಿಯುತ್ತಿದ್ದೆ. ಕಪ್ಪೆ ಕಪ್ಪೆಯೇ ಅಲ್ಲವೇ, ಅವಕ್ಕೂ ಬೀದಿ ಕೇರಿ ಇರುತ್ತದೆಯೇ ಎಂದು ನಗೆಯಾಡುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಕೆಲಸದ ಮೇಲೆ ನನಗೆ ಅಸಹ್ಯವೇನೂ ಹುಟ್ಟಲಿಲ್ಲ, ಮರುಕ ಹುಟ್ಟಿತು. ಆ ಕಾಲದ ಒಬ್ಬ ವಿದ್ಯಾರ್ಥಿನಿ ಚೆನ್ನಾಗಿ ನೆನಪಿದ್ದಾಳೆ. ಸಣಕಲು ಹುಡುಗಿ, ಕತ್ತರಿ ಹಿಡಿದರೆ ಕೈ ಗಡಗಡ ನಡುಗುವುದು. ಮೇಷ್ಟ್ರು ಆ ಕಡೆ ತಿರುಗಿದಾಗ ನಾನೇ ಕಪ್ಪೆಯ ಕಾಲುಗಳಿಗೆ ಗುಂಡುಪಿನ್ನು ಚುಚ್ಚಿ ಕೊಡುತ್ತಿದ್ದೆ. “ಅಕ್ಕಾ, ಇದಕ್ಕೆ ಗೊತ್ತಾಗಲ್ಲ ಅಲ್ವಾ?” ಎಂದು ಪ್ರತಿ ಸಲ ಕೇಳುವಳು. ಗೊತ್ತಾಗಲ್ಲ ಕಣಮ್ಮ ಎಂದು ನಾನೂ ಪ್ರತಿ ಸಲ ಹೇಳುತ್ತಿದ್ದೆ. ನನಗೇನು ಗೊತ್ತಿತ್ತು?

ಪರೀಕ್ಷೆ ಮುಗಿದ ಮೇಲೆ ತೊಟ್ಟಿಯಲ್ಲಿ ಹತ್ತು ಹನ್ನೆರಡು ಕಪ್ಪೆ ಉಳಿಯುತ್ತಿದ್ದವು. ಕ್ಲೋರೋಫಾರ್ಮ್ ಹಾಕಿ ಮುಗಿಸಿಬಿಡಿ ಎನ್ನುವುದು ಮೇಷ್ಟ್ರ ಆಜ್ಞೆ. ಇದ್ದುದರಲ್ಲಿ ಗಟ್ಟಿಯಾಗಿ, ವಾರಗಟ್ಟಲೆ ತಡೆದುಕೊಂಡು, ನನ್ನ ಕಡೆ ಕಣ್ಣು ಬಿಟ್ಟುಕೊಂಡು ಕೂತವನ್ನು ಸುಮ್ಮಸುಮ್ಮನೆ ಕೊಲ್ಲಲು ನನ್ನ ಕೈ ಬರಲಿಲ್ಲ. ಯಜಮಾನರನ್ನೇ ವಾಪಸ್ ತೆಗೆದುಕೊಂಡು ಹೋಗಿ ಎಂದು ಕೇಳಿದೆ.

“ಎಲ್ಲಿಗ್ ಬುಡ್ಲಿ? ನೀವು ಎಲ್ಲಾ ಕಲಸ್ಬುಟ್ಟಿದ್ದೀರಿ. ಯಾವ ನೀರ್ನದು ಯಾವ್ದು ಅಂತ ಈಗ ಎಂಗೆ ಹೇಳೋದು?”

“ನಾನು ಬೆಟ್ಟದ ತಪ್ಪಲಿನ ಕಾಡಿಗೆ ಬಿಟ್ಟು ಬರ್ತೀನಿ. ತಂಪಾಗಿದೆ, ನೆರಳಿದೆ.”

“ಬ್ಯಾಡಿ ಅಮ್ಮಾವ್ರೇ. ಒಂದು ನೀರ್ನವು ಇನ್ನೊಂದು ನೀರ್ಗೆ ಬುಡಬಾರ್ದು. ಅಲ್ಲಿರೋವುಕ್ಕೆ ಕಾಯ್ಲೆ ಬತ್ತದೆ ಅಂತ ನಮ್ಮಪ್ಪ ಹೇಳೋನು.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ಕೊಯ್ಯೋಕೆ ಹಿಡ್ಕೊಂಡು ಬರೋರು ನೀವು. ಬದುಕಿಸೋದು ಹೆಂಗೆ ಅಂತ ನನಗೆ ಹೇಳಿಕೊಡ್ತೀರಾ?” ಎಂದುಬಿಟ್ಟೆ. ಹಾಗೆನ್ನುವಾಗ ನನ್ನ ಕಣ್ಣಲ್ಲಿ ನೀರೂ ಬಂದಿತ್ತು. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಸೈಕಲ್ ತಳ್ಳಿಕೊಂಡು ಹೊರಟುಹೋದರು.

ನಮ್ಮ ಮನೆಯಿಂದ ಬೆಟ್ಟದ ತಪ್ಪಲಿಗೆ ಕಾಲ್ನಡಿಗೆಯ ದಾರಿ. ಕುರುಚಲು ಕಾಡನ್ನು ದಾಟಿ ಸ್ವಲ್ಪ ಮೇಲೆ ಹೋದರೆ ಒಂದು ತಗ್ಗು. ಅಲ್ಲಿ ಬಸರಿ, ಹೊಂಗೆ ಮರಗಳು ಒತ್ತಾಗಿ ಬೆಳೆದು, ಕಲ್ಲಿನ ಸಂದಿಯಿಂದ ಒಸರುವ ನೀರು ಚಿಕ್ಕ ಹೊಂಡವಾಗಿ ನಿಂತಿತ್ತು. ಶಿವರಾತ್ರಿಯ ಬಿಸಿಲಿನಲ್ಲೂ ಆ ನೀರಿಗೆ ಕೈ ಇಟ್ಟರೆ ಚಳಿ ಹತ್ತುವುದು. ಅಂಚಿನ ತರಗೆಲೆಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಕಂದು ಕಪ್ಪೆಗಳು ಇರುತ್ತಿದ್ದವು. ಕೆರೆಯ ದಪ್ಪ ಹಸಿರು ಕಪ್ಪೆಗಳ ಮುಂದೆ ಅವು ಕೂಸುಗಳು. ನಾನು ಬಕೆಟ್ಟಿನ ಮೇಲಿನ ಒದ್ದೆ ಬಟ್ಟೆ ತೆಗೆದು, ಒಂದೊಂದನ್ನೇ ಎರಡೂ ಕೈಯಲ್ಲಿ ಎತ್ತಿ ನೆರಳಿನ ನೀರಿಗೆ ಬಿಟ್ಟೆ. ಮನೆಗೆ ಬಂದು ಆ ದಿನ ಪೂಜೆಗೆ ಕೂತಾಗ ಮನಸ್ಸು ತುಂಬಿ ಬಂದಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಪುಣ್ಯ ಕಡಿಮೆಯಾದೀತು ಅನ್ನಿಸಿತು.

ಮೂರು ವರ್ಷ ಹೀಗೇ ಮಾಡಿದೆ.

ಮೂರನೇ ವರ್ಷದ ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ, ಕಪ್ಪೆಗಳ ಕೂಗು ಕೇಳಲೆಂದೇ ಹೋದೆ. ಹೊಂಡ ತುಂಬಿತ್ತು. ಆದರೆ ಕೂಗೇ ಇರಲಿಲ್ಲ. ಮೊದಲು ನನ್ನ ಕಾಲಸದ್ದಿಗೆ ಹೆದರಿವೆ ಎಂದುಕೊಂಡು ಕಲ್ಲಿನ ಮೇಲೆ ಅಲ್ಲಾಡದೆ ಕೂತೆ. ಬಿಸಿಲು ಏರುವವರೆಗೆ ಕೂತೆ. ಆಮೇಲೆ ಅಂಚಿನಲ್ಲಿ ಕಣ್ಣಾಡಿಸಿದರೆ ಐದು ಕಂದು ಕಪ್ಪೆಗಳು ಹಿಂಗಾಲು ಚಾಚಿ ಸತ್ತು ಬಿದ್ದಿದ್ದವು. ಯಾವ ಪ್ರಾಣಿಯೂ ತಿಂದ ಗುರುತಿಲ್ಲ. ಒಂದನ್ನು ಕಡ್ಡಿಯಿಂದ ಮಗುಚಿದೆ. ಹೊಟ್ಟೆಯ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಬಿಟ್ಟುಕೊಂಡಿತ್ತು, ತೊಡೆಯ ಒಳಭಾಗ ಕೆಂಪಗಿತ್ತು.

ಬಿಸಿಲಿಗೆ ಸತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆ ನೆರಳಿಗೆ ಬಿಸಿಲು ಬೀಳುವುದೇ ಇಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಯಜಮಾನರ ಮಾತು ತಲೆಯಲ್ಲಿ ಕೊರೆಯಿತು. ಅವರನ್ನು ಕೇಳಬಹುದಿತ್ತು. ಕೇಳಿದರೆ ನಾನು ಸೋತಂತೆ. ಆ ವರ್ಷದಿಂದ ಉಳಿದ ಕಪ್ಪೆಗಳನ್ನು ನಾನೇ ಕ್ಲೋರೋಫಾರ್ಮ್ ಹಾಕಿ ಮುಗಿಸಿದೆ. ಬೆಟ್ಟದ ಕಡೆ ಹೋಗುವುದನ್ನೇ ಬಿಟ್ಟೆ. ಕೆಲವು ವರ್ಷಗಳಲ್ಲಿ ಕಪ್ಪೆ ಕೊಯ್ಯುವುದೂ ನಿಂತು, ಲ್ಯಾಬಿಗೆ ಚಾರ್ಟು, ಪ್ಲಾಸ್ಟಿಕ್ ಮಾಡೆಲ್ಲುಗಳು ಬಂದವು. ಯಜಮಾನರು ಬರುವುದು ತಾನಾಗಿ ನಿಂತಿತು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಒಂದು ದಿನ ಲ್ಯಾಬಿನ ಬಾಗಿಲಲ್ಲಿ ಬೂಟು ಹಾಕಿಕೊಂಡ ಹೆಂಗಸೊಬ್ಬಳು ನಿಂತು “ಅಕ್ಕಾ, ಗುರುತು ಸಿಕ್ತಾ?” ಎಂದಳು. ಕೈ ನಡುಗುತ್ತಿದ್ದ ಅದೇ ಹುಡುಗಿ. ಈಗ ಕಪ್ಪೆಗಳ ಕಾಯಿಲೆಯ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದಾಳಂತೆ. ಬಯಲಿನ ಕೆರೆಗಳ ಕಪ್ಪೆಗಳನ್ನೂ ಕಾಡಿನ ನೆರಳಲ್ಲಿರುವ ಕಪ್ಪೆಗಳನ್ನೂ ಹೋಲಿಸಿ ನೋಡಬೇಕಂತೆ. “ನಿಮ್ಮ ಮನೆ ಬೆಟ್ಟದ ಹತ್ರ ಅಲ್ವಾ? ಅಲ್ಲೆಲ್ಲಾದ್ರೂ ನೆರಳಲ್ಲಿ ನೀರು ನಿಲ್ಲೋ ಜಾಗ ಗೊತ್ತಾ ಅಕ್ಕಾ?” ಎಂದು ಕೇಳಿದಳು.

ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ. ಗೊತ್ತು ಎಂದು ಬಂತು.

ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಹೋದೆವು. ಕಾಡಿಗೆ ಕಾಲಿಡುವ ಮೊದಲು ಅವಳು ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ತನ್ನ ಬೂಟು ತೊಳೆದು, ನನ್ನ ಚಪ್ಪಲಿಯನ್ನೂ ತೊಳೆಸಿದಳು. ನಮ್ಮಮ್ಮನ ಪೂಜೆ ಕೋಣೆಗಿಂತ ನಿನ್ನದೇ ಮಡಿ ಜಾಸ್ತಿಯಾಯ್ತಲ್ಲೇ ಎಂದೆ. ನಕ್ಕಳು. ಹೊಂಡದಲ್ಲಿ ಬೆಳಗೆಲ್ಲ ಹುಡುಕಿ ಸಿಕ್ಕಿದ್ದು ಮೂರು ಕಂದು ಕಪ್ಪೆ. ಒಂದೊಂದಕ್ಕೂ ಹೊಸ ಗ್ಲೌಸು, ಹೊಸ ಪ್ಲಾಸ್ಟಿಕ್ ಚೀಲ. ಹತ್ತಿ ಸುತ್ತಿದ ಕಡ್ಡಿಯಿಂದ ಹೊಟ್ಟೆ, ತೊಡೆ, ಬೆರಳುಗಳನ್ನು ಮೆಲ್ಲಗೆ ಸವರಿ, ಕಡ್ಡಿಯನ್ನು ಪುಟ್ಟ ಟ್ಯೂಬಿಗೆ ಹಾಕಿ, ಕಪ್ಪೆಯನ್ನು ಹಿಡಿದ ಜಾಗದಲ್ಲೇ ಬಿಟ್ಟಳು. ಅವಳ ಕೈ ಈಗ ನಡುಗುತ್ತಿರಲಿಲ್ಲ.

“ಯಾಕಮ್ಮ ಇಷ್ಟು ಬೇರೆಬೇರೆ?” ಎಂದೆ.

“ಒಂದರದ್ದು ಇನ್ನೊಂದಕ್ಕೆ ಅಂಟಬಾರ್ದು ಅಕ್ಕಾ. ನೀರಲ್ಲಿ ಹರಡೋ ಒಂದು ಬೂಷ್ಟು ಇದೆ, ಕಪ್ಪೆ ಚರ್ಮದಲ್ಲಿ ಬೆಳೆಯುತ್ತೆ. ಕಪ್ಪೆ ನೀರು ಕುಡಿಯೋದು ಚರ್ಮದಿಂದ, ಅರ್ಧ ಉಸಿರಾಡೋದೂ ಚರ್ಮದಿಂದಾನೇ. ಚರ್ಮ ಕೆಟ್ರೆ ಕೊನೆಗೆ ಹೃದಯ ನಿಂತುಹೋಗುತ್ತೆ. ಬಯಲಿನ ಕೆರೇಲಿ ನೀರು ಬಿಸಿಲಿಗೆ ಕಾಯುತ್ತಲ್ಲ, ಅಲ್ಲಿ ಅದು ಸೊರಗುತ್ತೆ. ದೊಡ್ಡ ಕಪ್ಪೆಗಳು ಅದನ್ನ ಮೈಮೇಲೆ ಹೊತ್ಕೊಂಡೇ ಆರಾಮಾಗಿ ಓಡಾಡ್ತವೆ. ಇಂಥ ನೆರಳು, ತಂಪು ಇರೋ ಕಡೆ ಬಂದ್ರೆ ಮಾತ್ರ ಚೆನ್ನಾಗಿ ಹಬ್ಬುತ್ತೆ.”

“ಹಾಗಾದ್ರೆ ಕಾಡೇ ಕಪ್ಪೆಗೆ ಕೇಡಾ?”

“ಕಾಡಿಲ್ದಿದ್ರೆ ಈ ಕಪ್ಪೆಗಳೇ ಇಲ್ಲ ಅಕ್ಕಾ. ಈ ನೆರಳು ಕಪ್ಪೆಗೂ ಬೇಕು, ಆ ಬೂಷ್ಟಿಗೂ ಬೇಕು. ಹೊರಗಿಂದ ಯಾರೂ ತಂದು ಹಾಕದೇ ಇದ್ರೆ ಸಾಕು.”

ನಾನು ಬಸರಿ ಮರದ ಬೇರಿನ ಮೇಲೆ ಕೂತುಬಿಟ್ಟೆ. ಊರಿನ ಸುತ್ತಮುತ್ತ ಎಷ್ಟು ಜಾಗ ಇರಲಿಲ್ಲ! ಅದರಲ್ಲಿ ಅತಿ ತಂಪಾದ, ಅತಿ ನೆರಳಿನ ಜಾಗವನ್ನೇ ಹುಡುಕಿ ಬಿಟ್ಟಿದ್ದೆ, ಪಾಪ ಅಂತ. ಅವಳಿಗೆ ಎಲ್ಲವನ್ನೂ ಹೇಳಿದೆ. ತೊಟ್ಟಿ, ಬಕೆಟ್ಟು, ಮೂರು ವರ್ಷ, ಐದು ಸತ್ತ ಕಪ್ಪೆ. ಅವಳು ನನ್ನ ಕೈ ಹಿಡಿದುಕೊಂಡಳು. “ಅದೇ ಕಾಯಿಲೆ ಅಂತ ಈಗ ಯಾರೂ ಹೇಳೋಕಾಗಲ್ಲ ಅಕ್ಕಾ. ತೊಡೆ ಕೆಂಪಾಗೋ ಬೇರೆ ಕಾಯಿಲೇನೂ ಇದೆ, ಇಕ್ಕಟ್ಟಾದ ತೊಟ್ಟೀಲಿ ಬರುತ್ತೆ,” ಎಂದಳು. ಅದೂ ನನ್ನ ತೊಟ್ಟಿಯದೇ ಅಲ್ಲವೇ?

“ಎಷ್ಟು ಕಪ್ಪೆ ಬಂದ್ರೆ ಒಂದು ಹೊಂಡಕ್ಕೆ ಕಾಯಿಲೆ ಅಂಟುತ್ತೆ?” ಎಂದು ಕೇಳಿದೆ.

ಅವಳು ಸುಳ್ಳು ಹೇಳುವವಳಲ್ಲ. “ಒಂದು ಸಾಕು ಅಕ್ಕಾ,” ಎಂದಳು.

ತಿಂಗಳುಗಳಾದ ಮೇಲೆ ಫೋನ್ ಮಾಡಿ, ಆ ಮೂರು ಕಪ್ಪೆಗಳಲ್ಲಿ ಏನೂ ಸಿಗಲಿಲ್ಲ ಎಂದಳು. ಹಿಂದೆ ಇತ್ತೋ ಇಲ್ಲವೋ ಎಂಬುದನ್ನು ಹತ್ತಿಕಡ್ಡಿ ಹೇಳುವುದಿಲ್ಲ ಎಂದೂ ಸೇರಿಸಿದಳು.

ಆ ವಾರವೇ ಅಶೋಕಪುರಂಗೆ ಹೋದೆ. ತಪ್ಪೊಪ್ಪಿಕೊಳ್ಳಬೇಕಾದದ್ದು ಕಪ್ಪೆಗಳ ಹತ್ತಿರ, ಆದರೆ ಮಾತು ಬರುವವರು ಯಜಮಾನರೊಬ್ಬರೇ. ವಿಚಾರಿಸಿಕೊಂಡು ಮನೆ ಹುಡುಕಿದೆ. ಯಜಮಾನರು ಜಗುಲಿಯಲ್ಲಿ ಕೂತಿದ್ದರು, ಕಣ್ಣು ಮಂಜಾಗಿತ್ತು. ದನಿಯಿಂದಲೇ ಗುರುತು ಹಿಡಿದು “ಬನ್ನಿ ಅಮ್ಮಾವ್ರೇ” ಎಂದು ಒಳಗೆ ಹೇಳಿ ಟೀ ತರಿಸಿದರು. ನಾನು ಟೀ ಕುಡಿಯುವ ಮೊದಲೇ ಹೇಳಬೇಕೆಂದುಕೊಂಡು ಬಂದದ್ದನ್ನು ಹೇಳಿದೆ. ನಿಮ್ಮಪ್ಪ ಹೇಳಿದ್ದು ಸರಿ. ನಾನು ಅಂದ ಮಾತು ತಪ್ಪು. ನೀವು ಬೇಡ ಅಂದ ಮೇಲೂ ಬಿಟ್ಟೆ.

“ಗೊತ್ತು,” ಎಂದರು.

“ಏನು ಗೊತ್ತು?”

“ನೀವು ಬುಟ್ಟಿದ್ದು. ಪರೀಕ್ಷೆ ಮುಗುದ್ಮೇಲೆ ತೊಟ್ಟಿ ಖಾಲಿ ಆದ್ದು ಕಂಡ್ರೆ, ಮಾರ್ನೇ ದಿನ ನಾನೋಗಿ ಹಿಡ್ಕೊಂಡ್ ಬತ್ತಿದ್ದೆ. ಆ ಹೊಂಡ ನಂಗೂ ಗೊತ್ತಿರೋದೇಯ. ಅಷ್ಟು ದಪ್ಪ ಕೆರೆ ಕಪ್ಪೆ ಆ ಪುಟ್ಟ ಹೊಂಡದಲ್ಲಿ ಎಲ್ಲಿ ಬಚ್ಚಿಟ್ಕೊಂಡಾತು? ಮೂರು ವರ್ಷಾನೂ ಹೋಗಿದ್ದೆ.”

ಟೀ ಲೋಟವನ್ನು ಕೆಳಗಿಟ್ಟೆ.

“ತಂದು ಏನು ಮಾಡಿದ್ರಿ?”

“ಯಾವ ನೀರ್ಗೂ ಬುಡಂಗಿಲ್ವಲ್ಲ. ಅಗೋ, ಆ ಕಲ್ಲುಬಾನೀಲಿ ಬಿಸ್ಲಿಗೆ ಇಟ್ಕಂಡು ಹುಳಾಹುಪ್ಪಟೆ ಹಾಕ್ದೆ. ಚೆನ್ನಾಗೇ ಇದ್ವು. ಮುಂದಿನ್ವರ್ಷ ನಿಮ್ಗೇ ತಂದ್ಕೊಟ್ಟೆ. ಇನ್ನೇನ್ ಮಾಡ್ಲಿ?”

ಉಳಿಸಿದೆ ಎಂದುಕೊಂಡ ಕಪ್ಪೆಗಳನ್ನು ಮರುವರ್ಷ ನನ್ನ ಕೈಯಾರೆ ಟ್ರೇಗೆ ಜೋಡಿಸಿದ್ದೆ. ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಸೆರಗಿನಿಂದ ಮುಖ ಒರೆಸಿಕೊಂಡೆ.

“ಇಷ್ಟು ದಿನ ಯಾಕೆ ಹೇಳಲಿಲ್ಲ ಯಜಮಾನ್ರೇ? ನನ್ನ ಬಯ್ಯಬಹುದಿತ್ತಲ್ಲ.”

“ಅವತ್ತು ನೀವು ಅಳ್ತಾ ಇದ್ರಿ. ಪಾಪ ಅಂತ ಬುಡೋರ್ನ ಎಂಗೆ ಬಯ್ಯೋದು?” ಎಂದರು. ನನ್ನ ಮೂಗೆಳೆತ ಕೇಳಿಸಿತೇನೋ, ಸಮಾಧಾನದ ದನಿಯಲ್ಲಿ ಹೇಳಿದರು: “ಕೊರಗಬ್ಯಾಡಿ. ಎಲ್ಲಾನೂ ಹಿಡ್ಕೊಂಡ್ ಬಂದ್ಬುಟ್ಟಿದ್ದೀನಿ. ಎಲ್ಲೋ ಒಂದೋ ಎರಡೋ ತಪ್ಪಿಸ್ಕೊಂಡಿರ್ಬೇಕು. ಅಷ್ಟಕ್ಕೆಲ್ಲ ಏನೂ ಆಗಕಿಲ್ಲ, ಅಲ್ವರಾ?”

ಮಂಜುಗಣ್ಣುಗಳು ನನ್ನ ಕಡೆಗೇ ತಿರುಗಿದ್ದವು. ಮೂರು ವರ್ಷವೂ ಒಂದೊಂದು ದಿನದ ಕೂಲಿ ಬಿಟ್ಟು, ಆ ತಗ್ಗಿನ ಕೆಸರಿನಲ್ಲಿ ಕೈಯಾಡಿಸಿದ ಮನುಷ್ಯ ಅವರು. ನನಗೆ ಗೊತ್ತಿದ್ದ ಲೆಕ್ಕ ಒಂದೇ: ಒಂದು ಸಾಕು. ಅದು ಬಾಯಿಯವರೆಗೆ ಬಂದಿತ್ತು.

“ಏನೂ ಆಗಲ್ಲ ಯಜಮಾನ್ರೇ,” ಎಂದೆ. “ಒಂದೆರಡರಿಂದ ಏನೂ ಆಗಲ್ಲ.”

ಅವರು ತಲೆಯಾಡಿಸಿ ಗೋಡೆಗೆ ಒರಗಿದರು. ಟೀ ಆರಿತ್ತು. ಹಾಗೇ ಕುಡಿದೆ.